ಪ್ಲಗ್ ಕಿತ್ತು ನೋಡಿದ ಟಿವಿ

ಮಾರ್ಚ್ 3, ಸೋಮವಾರ

ಹಾಸ್ಟೆಲಿನ ಟಿವಿ ಇವತ್ತು ಸತ್ತುಹೋಯಿತು.

ಗಾರ್ಮೆಂಟ್ಸ್ ಕಾರ್ಖಾನೆಯಿಂದ ಬಂದು ಎಲ್ಲರೂ ತಟ್ಟೆ ಹಿಡಿದು ಕೆಳಗಿನ ಹಾಲ್‌ನಲ್ಲಿ ಕೂತಿದ್ದೆವು. ಧಾರಾವಾಹಿಯ ಅತ್ತೆ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಚಿತ್ರ ಕುಗ್ಗಿ ಒಂದು ಬಿಳಿ ಗೆರೆಯಾಯಿತು. ಗೆರೆ ಕುಗ್ಗಿ ಚುಕ್ಕಿಯಾಯಿತು. ಚುಕ್ಕಿ ಸ್ವಲ್ಪ ಹೊತ್ತು ನಮ್ಮನ್ನೇ ನೋಡುತ್ತಿದ್ದು ಆಮೇಲೆ ಅದೂ ಹೋಯಿತು.

ದೊಡ್ಡಕ್ಕ ತಟ್ಟೆ ಕೆಳಗಿಟ್ಟು ಎದ್ದರು. ಅವರು ಇಸ್ತ್ರಿ ವಿಭಾಗದವರು, ಹಾಸ್ಟೆಲಿನಲ್ಲಿ ಎಲ್ಲರಿಗಿಂತ ಹಿರಿಯರು. ಟಿವಿಗೆ ಹೊಡೆಯುವ ಹಕ್ಕು ಅವರೊಬ್ಬರದೇ. ನೆತ್ತಿಗೊಂದು ಕೊಟ್ಟರು. ಎಡಗೆನ್ನೆಗೊಂದು, ಬಲಗೆನ್ನೆಗೊಂದು.

"ಏಳೋ ಮುದುಕಾ. ಅವಳು ಏನ್ ಹೇಳ್ತಾಳೋ ಅದೊಂದು ಕೇಳಿಸ್ಬಿಟ್ಟು ಹೋಗು."

ಏಳಲಿಲ್ಲ. ಎಲ್ಲರೂ ನಕ್ಕರು. ಆಮೇಲೆ ಯಾರೂ ನಗಲಿಲ್ಲ.

ಮಾರ್ಚ್ 6, ಗುರುವಾರ

ರಿಪೇರಿಯವನು ಬಂದು ಟಿವಿಯ ಬೆನ್ನು ಬಿಚ್ಚಿದ. ಒಳಗೆ ಬೆಕ್ಕಿನ ಮರಿಯಷ್ಟು ಧೂಳು.

"ಎಷ್ಟು ವರ್ಷ ಆಯ್ತಮ್ಮಾ ಇದಕ್ಕೆ?"

"ನಾನು ಸೇರೋಕ್ ಮುಂಚೇನೇ ಇತ್ತಪ್ಪ," ಎಂದರು ದೊಡ್ಡಕ್ಕ.

"ಹಾಗಾದ್ರೆ ಪಿಂಚಣಿ ಕೊಟ್ಟು ಕಳಿಸಿ. ಇದಕ್ಕೆ ಹಾಕೋ ಸಾಮಾನು ಈಗ ಎಲ್ಲೂ ಸಿಗಲ್ಲ."

ಈ ಮೂರು ದಿನ ಹಾಲ್‌ಗೆ ಯಾರೂ ಬಂದಿಲ್ಲ. ಎಲ್ಲರೂ ತಟ್ಟೆಯನ್ನು ಮೇಲಕ್ಕೇ ತೆಗೆದುಕೊಂಡು ಹೋಗಿ, ಅವರವರ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಫೋನ್ ನೋಡುತ್ತಾರೆ. ಮೇಲಿನ ಮಂಚದವಳು ಯಾಕೆ ನಕ್ಕಳು ಎಂದು ಕೆಳಗಿನ ಮಂಚದವಳಿಗೆ ಗೊತ್ತಾಗುವುದಿಲ್ಲ. ದೊಡ್ಡಕ್ಕ ಮೆಟ್ಟಿಲ ಮೇಲೆ ಒಬ್ಬರೇ ಕೂತು ಉಣ್ಣುತ್ತಾರೆ.

ನನಗಂತೂ ಹಾಲ್ ಇಲ್ಲದಿದ್ದರೆ ಆಗುವುದೇ ಇಲ್ಲ. ಯಾರ ಹತ್ತಿರವಾದರೂ ಹೋಗಿ ಸುಮ್ಮನೆ ಕೂತರೆ, ಏನು ಬಂದೆ ಎಂದು ಕೇಳುತ್ತಾರೆ. ಏನಾದರೂ ಹೇಳಬೇಕಾಗುತ್ತದೆ. ಟಿವಿ ಮುಂದೆ ಹಾಗಿಲ್ಲ. ಎಲ್ಲರ ನಡುವೆ ಭುಜಕ್ಕೆ ಭುಜ ತಾಗಿಸಿ ಕೂತಿರಬಹುದು, ಒಂದು ಮಾತೂ ಆಡಬೇಕಾಗಿಲ್ಲ.

ಮಾರ್ಚ್ 8, ಶನಿವಾರ

ಕೆಟ್ಟ ಸುದ್ದಿಯೂ ಬಂತು, ಒಳ್ಳೆಯ ಸುದ್ದಿಯೂ ಬಂತು. ಎರಡನೆಯದರಿಂದ ನನಗೆ ಹೆಚ್ಚು ಹೆದರಿಕೆಯಾಗಿದೆ.

ವಾರ್ಡನ್ ಅಮ್ಮ ಎಲ್ಲರನ್ನೂ ಕೆಳಗೆ ಕರೆದರು. ಹಾಲ್ ಖಾಲಿ ಬಿದ್ದಿದೆ ಎಂದು ಯಾರೋ ಮಾಲೀಕರ ಕಿವಿಗೆ ಹಾಕಿದ್ದಾರೆ. ಕಾರ್ಖಾನೆಯ ಗೋದಾಮಿನಲ್ಲಿ ಜಾಗ ಸಾಲುತ್ತಿಲ್ಲವಂತೆ, ಬಟ್ಟೆಯ ಬಂಡಲ್‌ಗಳನ್ನು ಇಲ್ಲಿ ತಂದು ತುಂಬುತ್ತಾರಂತೆ.

"ಮೂವತ್ತೊಂದಕ್ಕೆ ಅವರೇ ಬಂದು ನೋಡ್ತಾರೆ. ಜನ ಇದ್ರೆ ಬಿಡ್ತಾರೆ, ಖಾಲಿ ಇದ್ರೆ ತುಂಬ್ತಾರೆ. ನಾನ್ ಏನೂ ಮಾಡೋಕಾಗಲ್ಲ, ನಂದೂ ಕೆಲಸನೇ," ಎಂದರು ವಾರ್ಡನ್ ಅಮ್ಮ.

ಹೊಸ ಟಿವಿ ತರೋಣ ಎಂದರು ದೊಡ್ಡಕ್ಕ. ಎಲ್ಲರೂ ಹೂಂ ಎಂದರು. ಯಾವುದು ತರುವುದು ಎನ್ನುವಷ್ಟರಲ್ಲಿ ಜಗಳ ಹತ್ತಿಕೊಂಡಿತು. ಧಾರಾವಾಹಿಯವರು ಒಂದು ಕಡೆ, ಹಾಡಿನವರು ಒಂದು ಕಡೆ. ಆರಿಸಲು ಇವರ ಕಡೆಯವಳು ಹೋಗುವುದು ಅವರಿಗೆ ಬೇಡ, ಅವರ ಕಡೆಯವಳು ಹೋಗುವುದು ಇವರಿಗೆ ಬೇಡ. ನನ್ನ ಕೋಣೆಯ ಪಟಾಕಿ ಬೆಂಚಿನ ಮೇಲೆ ಹತ್ತಿ ನಿಂತಳು. ಅವಳು ಕಟಿಂಗ್ ವಿಭಾಗದವಳು. ಯಾವಾಗ ಸಿಡಿಯುತ್ತಾಳೋ ಹೇಳಲಾಗುವುದಿಲ್ಲ, ಅದಕ್ಕೇ ಆ ಹೆಸರು.

"ಯಾಕ್ರೇ ಕಿತ್ತಾಡ್ತೀರಾ? ಇವಳಿದಾಳಲ್ಲ!" ಎಂದು ನನ್ನ ಕಡೆ ಕೈ ತೋರಿಸಿದಳು. "ಬಂದು ಎರಡು ವರ್ಷ ಆಯ್ತು, ಒಂದು ದಿನ ಚಾನೆಲ್ ಬದಲಾಯಿಸಿ ಅಂದಿದ್ದಾಳಾ? ಇವಳ ಮೇಲೆ ಯಾರಿಗಾದ್ರೂ ಸಿಟ್ಟಿದೆಯಾ?"

ಯಾರಿಗೂ ಇರಲಿಲ್ಲ. ಮಾತೇ ಆಡದವಳ ಮೇಲೆ ಯಾರಿಗೆ ಸಿಟ್ಟು ಬರುತ್ತದೆ?

ಬೇಡ ಎನ್ನಲು ಬಾಯಿ ತೆರೆದೆ. ಮಾತು ಹೊರಗೆ ಬರುವಷ್ಟರಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿ ಮೇಲಕ್ಕೆ ಹೋಗಿಬಿಟ್ಟಿದ್ದರು. ಚಂದಾ ಎತ್ತುವುದು ದೊಡ್ಡಕ್ಕನ ಕೆಲಸ. ಆರಿಸುವುದು ನನ್ನ ಕೆಲಸ!

ಮಾರ್ಚ್ 9, ಭಾನುವಾರ

ಪಟಾಕಿಯನ್ನು ಜೊತೆಗೆ ಕರೆದುಕೊಂಡು ಅಂಗಡಿಗೆ ಹೋದೆ. ಸರಿಯಾಗಿ ಹೇಳಬೇಕೆಂದರೆ ಅವಳೇ ನನ್ನನ್ನು ಎಳೆದುಕೊಂಡು ಹೋದಳು.

ಅಬ್ಬಾ, ಎಂಥ ಅಂಗಡಿ! ನೆಲದಿಂದ ಸೂರಿನವರೆಗೆ ಟಿವಿಗಳು, ಎಲ್ಲದರಲ್ಲೂ ಒಂದೇ ಮೀನು. ಒಂದು ಕೆಂಪು ಮೀನು ತಿರುಗಿದರೆ ಗೋಡೆಯ ತುಂಬ ಕೆಂಪು ಮೀನುಗಳು ತಿರುಗುತ್ತಿದ್ದವು. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

ಅಂಗಡಿಯವರು ಕನ್ನಡಕವನ್ನು ಹಣೆಗೇರಿಸಿಕೊಂಡು ಬಂದರು. ಎಲ್ಲಕ್ಕಿಂತ ದೊಡ್ಡ ಟಿವಿಯ ಮುಂದೆ ನಮ್ಮನ್ನು ನಿಲ್ಲಿಸಿದರು.

"ಇದಕ್ಕೆ ಬಾಯಲ್ಲಿ ಹೇಳಿದ್ರೆ ಸಾಕಮ್ಮಾ, ಎಲ್ಲಾ ಮಾಡತ್ತೆ. ಏನ್ ಬೇಕೋ ಕೇಳು ನೋಡೋಣ."

ಮನುಷ್ಯರ ಹತ್ತಿರವೇ ನನಗೆ ಮಾತು ಬರುವುದಿಲ್ಲ, ಇನ್ನು ಟಿವಿ ಹತ್ತಿರ ಏನು ಹೇಳಲಿ? ಪಟಾಕಿ ಹಿಂದಿನಿಂದ ಚಿವುಟಿದಳು. "ಹಾಡು," ಎಂದೆ.

ಟಿವಿ ಅಂಗಡಿಗೆಲ್ಲ ಕೇಳುವಂತೆ ಹೇಳಿತು: "ಕ್ಷಮಿಸಿ, ಕೇಳಿಸಲಿಲ್ಲ. ದಯವಿಟ್ಟು ಇನ್ನೊಮ್ಮೆ ಹೇಳಿ."

ನಮ್ಮ ಸೂಪರ್‌ವೈಸರ್ ದಿನವೂ ನನಗೆ ಹೇಳುವುದೂ ಇದನ್ನೇ. ಆದರೆ ಅವರು ದಯವಿಟ್ಟು ಎನ್ನುವುದಿಲ್ಲ.

ಪಟಾಕಿ ಮುಂದೆ ಬಂದು ಒಂದು ಕೂಗು ಹಾಕಿದಳು. ಟಿವಿ ಹೆದರಿಕೊಂಡಂತೆ ತಕ್ಷಣ ಹಾಡಿತು. ಅವಳು ಅಲ್ಲೇ ಕುಣಿದಳು. "ಇದೇ ಕಣೇ, ಇದೇ! ಕಂತಲ್ಲಿ ಕೊಡ್ತಾರಂತೆ!"

ನನಗೆ ಒಪ್ಪಿಗೆಯಾಗಲಿಲ್ಲ. ಅಂಗಡಿಯವರು ಅದನ್ನು ಆಫ್ ಮಾಡಿ ಮತ್ತೆ ಹಚ್ಚಿದಾಗ ಅದು ಐದು ಮುಖಗಳ ಚಿತ್ರ ತೋರಿಸಿ, ಈಗ ನೋಡುತ್ತಿರುವವರು ಯಾರು ಎಂದು ಕೇಳಿತು. ನಮ್ಮ ಹಾಲ್‌ನಲ್ಲಿ ಕೂರುವವರು ಯಾರು ಯಾರು ಎಂದು ಅದಕ್ಕೆ ಹೇಳುತ್ತ ಕೂತರೆ ಊಟ ಆರಿಹೋಗುತ್ತದೆ. ಇದನ್ನು ಅಲ್ಲೇ ಹೇಳಬೇಕೆಂದಿದ್ದೆ. ಹಾಸ್ಟೆಲ್ ಸೇರಿದ ಮೇಲೆ ಬಾಯಿಗೆ ಬಂತು.

ಮಾರ್ಚ್ 12, ಬುಧವಾರ

ದೊಡ್ಡಕ್ಕ ಊರಿಗೆ ಮಾತಾಡಬೇಕೆಂದು ನನ್ನ ಫೋನ್ ಕೇಳಿ ತೆಗೆದುಕೊಂಡರು. ಬೆರಳಲ್ಲಿ ಒತ್ತಿದರು, ಒತ್ತಿದರು, ಫೋನ್ ಅಲುಗಲೇ ಇಲ್ಲ. ಅಷ್ಟು ವರ್ಷದ ಇಸ್ತ್ರಿಯ ಬಿಸಿಗೆ ಅವರ ಬೆರಳ ತುದಿ ಚರ್ಮದ ಚಪ್ಪಲಿಯ ಹಾಗಾಗಿದೆ. ಕೊನೆಗೆ ಬೆರಳ ಗೆಣ್ಣಿನಿಂದ ಒತ್ತಿದರು.

"ನನ್ನ ಬೆರಳು ಅದರ ಲೆಕ್ಕದಲ್ಲಿ ಬೆರಳೇ ಅಲ್ಲ ನೋಡು," ಎಂದು ನಕ್ಕರು.

ನಿಮಗೆ ಎಂಥ ಟಿವಿ ಬೇಕಕ್ಕಾ ಎಂದು ಕೇಳಿದೆ. ಈವರೆಗೆ ಯಾರೂ ಕೇಳಿಲ್ಲವೇನೋ ಎಂಬಂತೆ ನನ್ನ ಕಡೆ ತಿರುಗಿ ಕೂತರು.

"ಒತ್ತಿದ್ರೆ ಒತ್ತಿದ ಹಾಗಿರಬೇಕು ಕಣೇ. ಟಿವಿ ಮೈಮೇಲೇ ಗುಂಡಿ ಇರಬೇಕು. ರಿಮೋಟು ಯಾವಳ ದಿಂಬಿನ ಕೆಳಗೆ ಇರತ್ತೋ ದೇವರಿಗೇ ಗೊತ್ತು. ಆಮೇಲೆ ಕರೆಂಟು. ಇಲ್ಲಿ ಹೋಗ್ತಾ ಬರ್ತಾ ಇರತ್ತಲ್ಲ, ಬಂದ ತಕ್ಷಣ ಅದೂ ಬರಬೇಕು. ನನ್ನನ್ನ ಪ್ರಶ್ನೆ ಕೇಳಬಾರದು."

ಎಷ್ಟು ಸರಿಯಾದ ಮಾತು! ಆಮೇಲೆ ಬೇರೆಯವರನ್ನೂ ಕೇಳಿದರೆ ಒಳ್ಳೆಯದು ಎನಿಸಿತು. ಕೋಣೆ ಕೋಣೆಗೆ ಹೋಗಿ ಬಾಗಿಲು ತಟ್ಟಿದೆ. ರಾತ್ರಿ ಪಾಳಿಯವರು ಬೆಳಿಗ್ಗೆ ಬಂದು ನೋಡುತ್ತಾರಂತೆ, ಮಲಗಿದವರಿಗೆ ತೊಂದರೆಯಾಗದಷ್ಟು ಸಣ್ಣಗೆ ದನಿ ಇಳಿಯಬೇಕಂತೆ. ಕೊನೆಯ ಕೋಣೆಯವರು ಒಳಗೆ ಕೂರಿಸಿ ಟೀ ಕೊಟ್ಟರು. ಅವರ ಕೋಣೆಗೆ ಕಿಟಕಿ ಎರಡಿದೆ, ನನಗೆ ಗೊತ್ತೇ ಇರಲಿಲ್ಲ.

ಮಾರ್ಚ್ 16, ಭಾನುವಾರ

ಆಗಬಾರದ್ದು ಆಗಿಹೋಯಿತು. ಆದರೆ ನಮಗೆ ಬೇಕಾದಂಥ ಟಿವಿ ಕಣ್ಣಿಗೆ ಬಿತ್ತು! ಮೊದಲಿನಿಂದ ಬರೆಯುತ್ತೇನೆ.

ಮತ್ತೆ ಅದೇ ಅಂಗಡಿಗೆ ಹೋದೆವು. ಕರೆಂಟು ಹೋಗಿ ಬಂದರೆ ಏನಾಗುತ್ತದೆ ಕೇಳು ಎಂದು ಪಟಾಕಿಯ ಕಿವಿಯಲ್ಲಿ ಹೇಳಿದೆ. ಅವಳು ನನ್ನ ಮಾತು ಕೇಳುವ ಸ್ಥಿತಿಯಲ್ಲಿರಲಿಲ್ಲ. ಹೋದವಳೇ ಮಾತಾಡುವ ಟಿವಿ ಮುಂದೆ ನಿಂತು ಅದರ ಜೊತೆ ಜಗಳಕ್ಕೆ ಬಿದ್ದಿದ್ದಳು. ಅಂಗಡಿಯವರು ಬೇರೆ ಗಿರಾಕಿಗಳ ಜೊತೆಗಿದ್ದರು. ನಾನೇ ಮೊದಲ ಟಿವಿಯ ಹಿಂದೆ ಕೈ ಹಾಕಿ ಪ್ಲಗ್ ಕಿತ್ತೆ. ಮನಸ್ಸಿನಲ್ಲಿ ಹತ್ತು ಎಣಿಸಿ ಮತ್ತೆ ಹಾಕಿದೆ.

ಒಂದು ಕೆಂಪು ದೀಪ ಹತ್ತಿತು. ಅಷ್ಟೇ. ರಿಮೋಟು ಬರುವವರೆಗೂ ಅದು ಹಾಗೇ ಕೂತಿರುತ್ತದೆ. ಎರಡನೆಯದು ಎದ್ದು ಭಾಷೆ ಯಾವುದು ಎಂದು ಕೇಳಿತು. ಮೂರನೆಯದು ಮೀನನ್ನು ಮರೆತು ಏನೇನೋ ಚಿತ್ರಗಳ ಸಂತೆ ತೆರೆದು ಕೂತಿತು. ನಾನು ಒಂದೊಂದನ್ನೂ ನೋಡುತ್ತ, ಹಿಂದೆ ಮುಂದೆ ತಿರುಗಿಸುತ್ತ, ಗುಂಡಿ ಎಲ್ಲಿದೆ ಎಂದು ಅಡಿಗೆ ಕೈಯಾಡಿಸುತ್ತ ಸಾಲಾಗಿ ಹೋದೆ. ಎಷ್ಟು ಚೆನ್ನಾಗಿತ್ತು! ಕಾರ್ಖಾನೆಯಲ್ಲಿ ನನ್ನ ಚೆಕಿಂಗ್ ಮೇಜಿನ ಮುಂದೆ ನಿಂತ ಹಾಗೇ ಅನಿಸಿತು. ಅಲ್ಲಿ ಯಾರೂ ನನ್ನನ್ನು ಮಾತಾಡಿಸುವುದಿಲ್ಲ, ಅಂಗಿಯ ಒಳಮೈ ತಿರುಗಿಸಿ ಹೊಲಿಗೆ ನೋಡುವುದು, ಕೆಟ್ಟಿದ್ದರೆ ಗುರುತು ಹಾಕಿ ಪಕ್ಕಕ್ಕೆ ಎಸೆಯುವುದು.

ಕೆಳಗಿನ ಸಾಲಿನ ಮೂಲೆಯಲ್ಲಿ ಒಂದು ಸಣ್ಣ ಟಿವಿ ಇತ್ತು. ಪ್ಲಗ್ ಕಿತ್ತೆ, ಹಾಕಿದೆ. ಅದು ಏನೂ ಕೇಳಲಿಲ್ಲ. ಅರ್ಧಕ್ಕೆ ನಿಲ್ಲಿಸಿದ ಮಾತನ್ನು ಮುಂದುವರಿಸಿದಂತೆ ಅದೇ ಕೆಂಪು ಮೀನು ಬಂತು. ಬಲಗಡೆ ನಾಲ್ಕು ಗುಂಡಿ. ಒತ್ತಿದರೆ ಟಕ್ ಎನ್ನುತ್ತದೆ, ಒಳಗೆ ಹೋಗಿ ಹೊರಗೆ ಬರುತ್ತದೆ. ಖುಷಿಗೆ ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಆಗ ಬಾಗಿಲ ಹತ್ತಿರ ಒಬ್ಬರು ಗಂಡಸು ಕೇಳಿದ್ದು ಕೇಳಿಸಿತು. "ಏನ್ರೀ, ಇವಕ್ಕೆಲ್ಲ ಕ್ರಾಸ್ ಯಾಕೆ ಹಾಕಿದೀರಾ? ಕೆಟ್ಟಿವೆಯಾ?"

ಅವರ ಹೆಂಡತಿ ಹೇಳಿದರು, "ನೋಡಿ, ನಾನ್ ಹೇಳ್ಲಿಲ್ವಾ, ಇಲ್ಲಿ ಬೇಡ ಅಂತ."

ತಿರುಗಿ ನೋಡಿದೆ. ಸಾಲಿಗೆ ಸಾಲೇ, ಕಪ್ಪು ಅಂಚುಗಳ ಮೇಲೆ ಬಿಳಿ ಚಾಕ್‌ನಲ್ಲಿ ಕ್ರಾಸ್. ದೊಡ್ಡದಾಗಿ, ನೀಟಾಗಿ, ಕಾರ್ಖಾನೆಯಲ್ಲಿ ಕೆಟ್ಟ ಪೀಸಿಗೆ ಹಾಕುವ ಹಾಗೇ. ನನ್ನ ಕೈಯಲ್ಲಿ ಚಾಕ್ ಇತ್ತು. ಭಾನುವಾರವೂ ಜೇಬಿನಲ್ಲಿ ಅದು ಇರುತ್ತದೆ. ಯಾವಾಗ ತೆಗೆದೆನೋ, ಯಾವಾಗ ಹಾಕಿದೆನೋ, ದೇವರಾಣೆ ಗೊತ್ತಿಲ್ಲ.

ಅಂಗಡಿಯವರ ಕನ್ನಡಕ ಹಣೆಯಿಂದ ಜಾರಿ ಮೂಗಿಗೆ ಬಂತು. "ಯಾರು? ಯಾರು ಮಾಡಿದ್ದಿದು? ಏನಿದು?"

ಏನಾದರೂ ಹೇಳಬೇಕಿತ್ತು. ಬಾಯಿಗೆ ಬಂದದ್ದು ಒಂದೇ ಮಾತು. "ರಿಜೆಕ್ಟ್," ಎಂದೆ.

ಆ ಗಂಡ ಹೆಂಡತಿ ಹೊರಗೆ ಹೋಗೇಬಿಟ್ಟರು. ನಮ್ಮನ್ನೂ ಹೊರಗೆ ಹಾಕಿದರು. ಪಟಾಕಿ ಬೀದಿಯಲ್ಲಿ ನಿಂತು, "ಒರೆಸಿದ್ರೆ ಹೋಗತ್ತೆ ಕಣ್ರೀ! ಚಾಕು ಅಲ್ಲ, ಚಾಕ್ ಅದು!" ಎಂದು ಕೂಗಿದಳು. ಬಾಗಿಲು ಹಾಕಿಕೊಂಡಿತು.

ಮಾರ್ಚ್ 17, ಸೋಮವಾರ

ಇನ್ನು ಆ ಬೀದಿಗೆ ಕಾಲಿಡುವುದಿಲ್ಲ.

ಮಾರ್ಚ್ 20, ಗುರುವಾರ

ಪಟಾಕಿ ಎಲ್ಲರಿಗೂ ಹೇಳಿಬಿಟ್ಟಿದ್ದಾಳೆ. ಅಡುಗೆಮನೆಯ ಮುಂದೆ ತಟ್ಟೆ ಹಿಡಿದು ನಿಂತ ಸಾಲಿನಲ್ಲೇ ಅಂಗಡಿಯವರ ಹಾಗೆ ಮೂಗಿನ ಮೇಲೆ ಕನ್ನಡಕ ಇಳಿಸಿ, ನನ್ನ ಹಾಗೆ ಕಣ್ಣು ಬಿಟ್ಟು "ರಿಜೆಕ್ಟ್" ಎಂದು ಮಾಡಿ ತೋರಿಸಿದಳು. ದೊಡ್ಡಕ್ಕನಿಗೆ ನೀರು ನೆತ್ತಿಗೇರಿತು. ಮೊದಲು ನನಗೆ ಭೂಮಿಯೊಳಗೆ ಇಳಿದುಹೋಗಬೇಕು ಎನಿಸಿತು. ಆಮೇಲೆ ನನಗೂ ನಗು ಬಂತು.

"ನಾನು ಹಾಗೆ ಅನ್ನಲಿಲ್ಲ. ಇನ್ನೂ ಮೆಲ್ಲಗೆ ಅಂದೆ," ಎಂದೆ. ಅದಕ್ಕೆ ಇನ್ನೂ ಜೋರಾಗಿ ನಕ್ಕರು.

ಆದರೆ ಟಿವಿ ಎಲ್ಲಿ? ಕೆಲಸ ಮುಗಿಸಿ ಬೇರೆ ಎರಡು ಅಂಗಡಿ ಸುತ್ತಿದೆವು. (ಚಾಕನ್ನು ಪಟಾಕಿ ಬಾಗಿಲಲ್ಲೇ ಕಿತ್ತುಕೊಂಡಳು.) ಒಂದು ಕಡೆ ಗುಂಡಿಯೇ ಇಲ್ಲ, ಇನ್ನೊಂದು ಕಡೆ ಎಲ್ಲವೂ ಪ್ರಶ್ನೆ ಕೇಳುವಂಥವು. ಆ ಸಣ್ಣ ಟಿವಿಯಂಥದ್ದು ಎಲ್ಲೂ ಇಲ್ಲ.

ವಾರ್ಡನ್ ಅಮ್ಮ ಇವತ್ತು ಹಾಲ್‌ನ ಅಳತೆ ತೆಗೆಸುತ್ತಿದ್ದರು. ಇಬ್ಬರು ಟೇಪು ಹಿಡಿದು, ಎಷ್ಟು ಬಂಡಲ್ ಹಿಡಿಸುತ್ತದೆ ಎಂದು ಮಾತಾಡಿಕೊಳ್ಳುತ್ತಿದ್ದರು. ಬೆಂಚುಗಳನ್ನು ಆಗಲೇ ಗೋಡೆಗೆ ಒರಗಿಸಿಟ್ಟಿದ್ದಾರೆ.

ಮಾರ್ಚ್ 23, ಭಾನುವಾರ

ಟಿವಿ ತಂದೆ! ತಂದೆ! ತಂದೆ!

ಪಟಾಕಿಗೆ ಇವತ್ತು ಹೆಚ್ಚುವರಿ ಕೆಲಸ ಬಿತ್ತು. ದೊಡ್ಡಕ್ಕನಿಗೆ ಜ್ವರ. ಮುಂದಿನ ಭಾನುವಾರದವರೆಗೆ ಕಾದರೆ ಆ ಟಿವಿ ಇನ್ನೊಬ್ಬರ ಪಾಲಾಗಬಹುದು. ಚಂದಾ ಹಣ ತೆಗೆದುಕೊಂಡು ಒಬ್ಬಳೇ ಹೊರಟೆ. ದಾರಿಯುದ್ದಕ್ಕೂ ಏನು ಹೇಳಬೇಕು ಎಂದು ಬಾಯಲ್ಲೇ ಹೇಳಿಕೊಂಡೆ. ಬಾಗಿಲು ತಳ್ಳಿದ ಕೂಡಲೇ ಎಲ್ಲ ಮರೆತುಹೋಯಿತು.

ಅಂಗಡಿಯವರು ನನ್ನನ್ನು ನೋಡಿದವರೇ ಎರಡೂ ಕೈ ಎತ್ತಿ ಟಿವಿಗಳಿಗೆ ಅಡ್ಡ ನಿಂತರು.

"ತಾಯೀ, ಚಾಕ್ ತಂದಿದ್ದೀಯಾ?"

"ಇಲ್ಲ ಸಾರ್."

"ಜೇಬು ತೋರಿಸು."

ತೋರಿಸಿದೆ. "ತಪ್ಪಾಯ್ತು ಸಾರ್. ಬೇಕು ಅಂತ ಮಾಡಿದ್ದಲ್ಲ. ದಿನಾ ಇದೇ ಕೆಲಸ ಮಾಡಿ ಮಾಡಿ ಕೈಗೆ ಅಭ್ಯಾಸ ಆಗೋಗಿದೆ," ಎಂದೆ.

"ಏನ್ ಕೆಲಸ?"

ಹೇಳಿದೆ. ಅವರು ತಮ್ಮ ಅಂಗಿಯ ತೋಳು ಮಡಿಸಿ ಒಳಮೈ ತೋರಿಸಿದರು. "ಇದು ಪಾಸಾ?"

ನೋಡಿದೆ. "ತೋಳಿನ ಹೊಲಿಗೆಯಲ್ಲಿ ಎಳೆ ಬಿಟ್ಟಿದೆ ಸಾರ್. ಇನ್ನೆರಡು ಸಲ ಒಗೆದ್ರೆ ಬಾಯಿ ಬಿಡತ್ತೆ."

"ನನ್ನ ಹೆಂಡತಿ ಆರಿಸಿದ್ದು. ಹೇಳಬೇಡ," ಎಂದು ನಕ್ಕರು. ನನಗೆ ಜೀವ ಬಂತು.

ಆ ಸಣ್ಣ ಟಿವಿ ಬೇಕು ಎಂದೆ. ಒಳಗಿನಿಂದ ಡಬ್ಬಿ ತರಿಸಿ ದಾರ ಕಟ್ಟತೊಡಗಿದರು. ನಾನು ಡಬ್ಬಿಯ ಮೇಲೆ ಕೈಯಿಟ್ಟೆ.

"ಬಿಚ್ಚಿ ಸಾರ್. ಪ್ಲಗ್ ಹಾಕಿ ನೋಡಬೇಕು."

"ಅವತ್ತೇ ನೋಡಿದ್ಯಲ್ಲಮ್ಮಾ, ಅದೇ ಇದು!"

"ಅದು ತೋರಿಸೋಕೆ ಇಟ್ಟಿದ್ದು ಸಾರ್. ತೋರಿಸೋಕೆ ಇಡೋ ಪೀಸು ಯಾವಾಗ್ಲೂ ಚೆನ್ನಾಗೇ ಇರತ್ತೆ. ನಾವೂ ಹಾಗೇ ಕಳಿಸೋದು."

ಬಿಚ್ಚಿದರು. ಗೊಣಗಿದರು, ಆದರೂ ಬಿಚ್ಚಿದರು. ಚಿತ್ರ ಬಂತು, ದನಿ ಬಂತು, ಪ್ಲಗ್ ಕಿತ್ತು ಹಾಕಿದರೆ ತಾನಾಗಿಯೇ ಬಂತು. ಗುಂಡಿಗಳನ್ನು ಒಂದೊಂದಾಗಿ ಒತ್ತಿದೆ. ಮೂರನೆಯದು ಒಳಗೆ ಹೋದದ್ದು ಹೊರಗೆ ಬರಲೇ ಇಲ್ಲ. ಇಬ್ಬರೂ ಅದನ್ನು ನೋಡಿದೆವು. ನನ್ನ ಕೈ ತಾನಾಗಿ ಜೇಬಿಗೆ ಹೋಯಿತು.

"ಬೇಡ! ಬೇಡ! ನೀನ್ ಹಾಕ್ಬೇಡ, ನಾನೇ ಪಕ್ಕಕ್ಕೆ ಇಡ್ತೀನಿ!" ಎಂದು ಇನ್ನೊಂದು ಡಬ್ಬಿ ತರಿಸಿದರು. ಅದರ ನಾಲ್ಕೂ ಗುಂಡಿ ಟಕ್ ಟಕ್ ಎಂದವು.

"ನಿನ್ನಂಥೋಳು ದಿನಕ್ಕೆ ಒಬ್ಬಳು ಬಂದ್ರೆ ನಾನು ಅಂಗಡಿ ಮುಚ್ಚಿ ಊರು ಬಿಡಬೇಕು ಕಣಮ್ಮಾ."

ಆಟೋದಲ್ಲಿ ಡಬ್ಬಿಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದೆ. ರಸ್ತೆಯ ಪ್ರತಿ ಗುಂಡಿಗೂ ಆಟೋದವರಿಗೆ ಮೆಲ್ಲಗೆ, ಮೆಲ್ಲಗೆ ಎಂದು ಹೇಳಿದೆ. ಕೊನೆಗೆ ಅವರು, "ನೀವೇ ಓಡಿಸ್ತೀರಾ ಮೇಡಂ?" ಎಂದರು.

ಮಾರ್ಚ್ 24, ಸೋಮವಾರ

ಹಾಲ್ ತುಂಬಿತ್ತು! ಒರಗಿಸಿದ್ದ ಬೆಂಚುಗಳನ್ನೆಲ್ಲ ಮತ್ತೆ ಇಳಿಸಿದೆವು.

ಹಚ್ಚಿದ ಕೂಡಲೇ ಜಗಳ. "ಮೊದಲು ಹಾಡು!" "ಮೊದಲು ಧಾರಾವಾಹಿ!" ಕೇಳಿ ಕೇಳಿ ತಲೆ ಚಿಟ್ಟುಹಿಡಿಯಿತು. "ಸೋಮವಾರ ಧಾರಾವಾಹಿ, ಮಂಗಳವಾರ ಹಾಡು. ಈಗ ಕೂತ್ಕೊಳ್ಳಿ, ಹಿಂದಿನೋರಿಗೆ ಕಾಣ್ತಾ ಇಲ್ಲ," ಎಂದೆ. ಕೂತರು. ಪಾಪ, ಎಲ್ಲರಿಗೂ ದಣಿವಾಗಿತ್ತೇನೋ.

ನಡುವೆ ಕರೆಂಟು ಹೋಯಿತು. ಕತ್ತಲಲ್ಲಿ ಯಾರೂ ಏಳಲಿಲ್ಲ. ಕರೆಂಟು ಬಂತು. ಟಿವಿಯೂ ಬಂತು, ಅದೇ ಅತ್ತೆ, ಅದೇ ಅಡುಗೆಮನೆ. ಎಲ್ಲರೂ ಕಿರುಚಿದ್ದಕ್ಕೆ ವಾರ್ಡನ್ ಅಮ್ಮ ಕಳ್ಳರು ಬಂದರೆಂದು ಕೋಲು ಹಿಡಿದು ಓಡಿ ಬಂದರು. ಆಮೇಲೆ ಅವರೂ ಕೂತರು.

ದೊಡ್ಡಕ್ಕ ಜ್ವರದಲ್ಲೂ ಹೊದ್ದುಕೊಂಡು ಕೆಳಗಿಳಿದು ಬಂದು, ದನಿಯ ಗುಂಡಿಯನ್ನು ಸುಮ್ಮನೆ ಮೇಲೆ ಒಂದು ಸಲ, ಕೆಳಗೆ ಒಂದು ಸಲ ಒತ್ತಿ ನೋಡಿದರು. ನನ್ನ ಪಕ್ಕ ಬಂದು ಕೂತರು.

ಮಾರ್ಚ್ 31, ಸೋಮವಾರ

ಸಂಜೆ ಮಾಲೀಕರು ಬಂದರು. ಹಿಂದೆ ವಾರ್ಡನ್ ಅಮ್ಮ, ಅವರ ಹಿಂದೆ ಟೇಪಿನ ಇಬ್ಬರು.

ಧಾರಾವಾಹಿ ತುಂಬಾ ಒಳ್ಳೆಯ ಘಟ್ಟದಲ್ಲಿತ್ತು. ಸೊಸೆ ಪೆಟ್ಟಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ, ಅತ್ತೆ ಒಳಗೆ ಚಿಲಕದ ಮೇಲೆ ಕೈಯಿಟ್ಟಿದ್ದಾಳೆ. ಅದೇ ಹೊತ್ತಿಗೆ ಇವರು ಬಂದು ಟಿವಿಗೆ ಅಡ್ಡ ನಿಂತರು. ಎಲ್ಲರೂ ಎದ್ದು ನಿಂತೆವು.

"ಜನ ಇದ್ದಾರಲ್ಲ," ಎಂದರು ಮಾಲೀಕರು. ಒಳ್ಳೆಯವರ ಹಾಗೇ ಕಂಡರು. "ಆದ್ರೆ ಇದೊಂದು ಟಿವಿಗೋಸ್ಕರ ಇಷ್ಟು ದೊಡ್ಡ ಹಾಲ್ ಬೇಕಾ? ಮೇಲೆ ವರಾಂಡದಲ್ಲಿ ಗೋಡೆಗೆ ಹಾಕಿಸ್ಕೊಡ್ತೀನಿ. ಅಲ್ಲೇ ನೋಡ್ಕೊಳ್ಳಿ. ಏನಂತೀರಾ?"

ಪಟಾಕಿಯೂ ನೆಲ ನೋಡುತ್ತಿದ್ದಳು. ದೊಡ್ಡಕ್ಕ ಕೈ ಕಟ್ಟಿಕೊಂಡು ನಿಂತಿದ್ದರು. ಟೇಪಿನವನು ಆಗಲೇ ಗೋಡೆಗೆ ಟೇಪು ಹಿಡಿದ. ವರಾಂಡ ಎಷ್ಟು ಸಣ್ಣದು ಎಂದು ಇವರಿಗೆ ಯಾರಾದರೂ ಹೇಳಬೇಕಲ್ಲ ಎಂದು ನಾನು ಅತ್ತ ಇತ್ತ ನೋಡಿದೆ. ಆಮೇಲೆ ಹೇಳಿದೆ.

"ವರಾಂಡದಲ್ಲಿ ಬೆಂಚು ಹಿಡಿಸಲ್ಲ ಸಾರ್. ನಿಂತು ನೋಡಬೇಕಾಗತ್ತೆ. ಚೆಕಿಂಗ್‌ನೋರು, ಇಸ್ತ್ರಿಯೋರು, ಕಟಿಂಗ್‌ನೋರು, ನಾವೆಲ್ಲ ಬೆಳಿಗ್ಗೆಯಿಂದ ನಿಂತೇ ಇರ್ತೀವಿ. ಕೂತ್ಕೊಳ್ಳೋಕೆ ಇರೋದು ಇದೊಂದೇ ಜಾಗ."

ಅವರು ದೊಡ್ಡಕ್ಕನ ಕಾಲುಗಳನ್ನು ನೋಡಿದರು. ಆಮೇಲೆ ನಮ್ಮೆಲ್ಲರ ಕಾಲುಗಳನ್ನೂ ನೋಡಿದರು.

"ನೀವು ಕೂತ್ಕೊಳ್ಳಿ ಸಾರ್. ನೀವು ನಿಂತಿದ್ರೆ ನಾವೂ ಕೂರೋ ಹಾಗಿಲ್ಲ," ಎಂದೆ. ಬೆಂಚಿನ ತುದಿಯಲ್ಲಿ ಅವರಿಗೆ ಜಾಗ ಮಾಡಿಕೊಟ್ಟೆ.

ಅವರು ಕೂತರು. ನಾವೂ ಕೂತೆವು. ಯಾವಾಗಿನಿಂದ ಇಲ್ಲಿದ್ದೀಯ, ಊಟ ಹೇಗಿದೆ, ಟಿವಿ ಎಷ್ಟಕ್ಕೆ ಬಂತು, ಯಾರು ಆರಿಸಿದ್ದು ಎಂದೆಲ್ಲ ಕೇಳುತ್ತಾ ಹೋದರು. ಎಲ್ಲದಕ್ಕೂ ನಾನೇ ಉತ್ತರ ಹೇಳಬೇಕಾಯಿತು, ಬೇರೆ ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಎದ್ದು, "ಬಂಡಲ್‌ಗೆ ಬೇರೆ ಎಲ್ಲಾದ್ರೂ ನೋಡೋಣ ಬಿಡಿ," ಎಂದು ವಾರ್ಡನ್ ಅಮ್ಮನಿಗೆ ಹೇಳಿದರು. ಟೇಪಿನವನು ಟೇಪನ್ನು ಸುತ್ತಿಕೊಂಡ.

ಅವರು ಗೇಟು ದಾಟುವುದನ್ನೇ ಕಾದೆವು. ಆಮೇಲೆ ಎಲ್ಲರೂ ನನ್ನ ಮೇಲೆ ಬಿದ್ದರು. ಪಟಾಕಿ ನನ್ನ ಎರಡೂ ಕೆನ್ನೆ ಹಿಡಿದು, "ಯಾರೇ ನೀನು? ನಮ್ಮ ಕೋಣೇಲಿ ಇದ್ದೋಳು ಎಲ್ಲಿ ಹೋದ್ಲು?" ಎಂದು ಏನೇನೋ ಅಂದಳು. ಹಾಲ್ ಉಳಿದ ಸಂತೋಷಕ್ಕೆ ಅವಳಿಗೆ ತಲೆ ಕೆಟ್ಟಿದೆ. ನನಗೂ ಸಂತೋಷವೇ, ಹೇಳಲಾರದಷ್ಟು.

ಒಂದೇ ಬೇಜಾರು. ಮಾಲೀಕರ ಜೊತೆ ಮಾತಾಡುತ್ತ ಕೂತು ಧಾರಾವಾಹಿ ತಪ್ಪಿಹೋಯಿತು. ಅತ್ತೆ ಬಾಗಿಲು ತೆಗೆದಳೋ ಇಲ್ಲವೋ ಗೊತ್ತಾಗಲಿಲ್ಲ. ಮುಂದಿನ ಸಾಲಿನಲ್ಲಿ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕೂತಿದ್ದಳು, ಯಾರ ಜೊತೆಗೂ ಮಾತಾಡುವುದಿಲ್ಲ, ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಬೆಳಿಗ್ಗೆ ಅವಳ ಕೋಣೆಗೇ ಹೋಗಿ ಕೇಳುತ್ತೇನೆ.